ಸಮಾಧಾನದ ಓಣಿ

ಹತ್ತಿ ಗಿರಣಿಯ ಪಕ್ಕದ ಜಿನ್ನಿನ ಓಣಿಯ ಹೆಂಗಸರು ಮನೆ ಮುಂದಿನ ಒಳಚರಂಡಿಯ ಮುಚ್ಚಳ ಎತ್ತಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ನಲ್ಲಿಯಲ್ಲಿ ನೀರು ಬಂದು ವಾರದ ಮೇಲಾಗಿತ್ತು. ಇನ್ನು ಯಾವಾಗ ಬರುತ್ತದೆಂದು ನೀರು ಬಿಡುವವನಿಗೂ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಹಂಡೆಯ ನೀರು, ಬಿಂದಿಗೆಯ ನೀರು, ಕೊನೆಗೆ ಅಡುಗೆಮನೆಯಲ್ಲಿ ಬಟ್ಟೆ ಕಟ್ಟಿ ಮುಚ್ಚಿಟ್ಟ ಕುಡಿಯುವ ನೀರನ್ನೂ ತಂದು ಚರಂಡಿಗೆ ಹೊಯ್ಯುವುದನ್ನು ಹೊರಗಿನವರು ನೋಡಿದ್ದರೆ ಓಣಿಗೆ ಓಣಿಯೇ ತಲೆಕೆಟ್ಟಿದೆ ಅನ್ನುತ್ತಿದ್ದರು. ಪಾಪ, ತಮ್ಮ ತಲೆ ನೆಟ್ಟಗಿದೆ ಎಂದು ತೋರಿಸುವುದಕ್ಕೇ ಅವರು ಈ ಪಾಡು ಪಡುತ್ತಿದ್ದರು.

ನೀಲಗಂಗಾ ಕೆಲಸ ಮುಗಿಸಿ ಓಣಿಯ ಬಾಯಿಗೆ ಬಂದವಳು ಅಲ್ಲೇ ನಿಂತಳು. ಆಕೆ ನಗರದ ಮೀಟರ್ ಕೊಠಡಿಯಲ್ಲಿ ಪರದೆ ನೋಡುವ ಕೆಲಸದವಳು. ಇಡೀ ಊರಿನ ಚರಂಡಿಗಳ ಅಂಕಿ ಆಕೆಯ ಕಣ್ಣ ಮುಂದೆಯೇ ಏರುತ್ತಿತ್ತು, ಇಳಿಯುತ್ತಿತ್ತು.

"ಗೌರಕ್ಕಾ, ಏನ್ ನಡಸೀರಿ ಇದು?"

ಗೌರಕ್ಕ ಓಣಿಯ ಮಹಿಳಾ ಸಮಿತಿಯ ಅಧ್ಯಕ್ಷೆ. ಆಕೆಯನ್ನು ಯಾರೂ ಆರಿಸಿರಲಿಲ್ಲ, ಆಕೆಯ ಗಂಟಲೇ ಆರಿಸಿತ್ತು. "ಮೀಟರ್ ತಿಳಿ ಮಾಡಾಕತ್ತೇವಿ. ಸಾರಿಗೆ ಉಪ್ಪು ಹೆಚ್ಚಾದ್ರ ನೀ ಏನ್ ಮಾಡ್ತಿ? ನೀರು ಹಾಕಂಗಿಲ್ಲೇನು?"

"ಅದು ಹಂಗ ತಿಳಿ ಆಗಂಗಿಲ್ಲಕ್ಕ! ಇದ್ದ ನೀರೂ ಕಳಕೊಂಡ್ರಿ."

ಕೊಡಗಳು ಗಾಳಿಯಲ್ಲೇ ನಿಂತವು. ಮಾರನೆಯ ದಿನವೂ ನೀರು ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಜಿನ್ನಿನ ಓಣಿಯ ಅಂಕಿ ಇಳಿಯುವ ಬದಲು ಒಂದೇ ಸಮನೆ ಏರಿತು.

ಕರಿಗುಡ್ಡ ನಗರಕ್ಕೆ ಈ ಮೀಟರ್ ಬಂದದ್ದು ಒಳ್ಳೆಯ ಮನಸ್ಸಿನಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವವರು ಡಾಕ್ಟರ್ ಫರ್ಹಾನಾ ಮುಲ್ಲಾ ಅವರನ್ನು ಬೈದುಕೊಳ್ಳಬಹುದು, ಅದು ನನಗೆ ಸೇರುವುದಿಲ್ಲ. ಫರ್ಹಾನಾ ಮನೋರೋಗ ತಜ್ಞೆ. ಅವರ ಬಳಿ ಬರುತ್ತಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದರು. ನಿದ್ದೆ ಇಲ್ಲ, ಎದೆ ಡವಗುಟ್ಟುತ್ತದೆ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಗುಳಿಗೆ ಕೊಟ್ಟು ಕಳಿಸಿದರೆ ಅವರು ಮತ್ತೆ ಅದೇ ಮನೆಗೆ, ಅದೇ ಮಾಲೀಕನ ಗದರಿಕೆಗೆ, ಅದೇ ಒಣ ನಲ್ಲಿಯ ಎದುರಿಗೆ ಹೋಗುತ್ತಿದ್ದರು. ಸ್ವಲ್ಪ ದಿನಕ್ಕೆ ಮತ್ತೆ ಬರುತ್ತಿದ್ದರು, ಪಕ್ಕದ ಮನೆಯವಳನ್ನೂ ಜೊತೆಗೆ ಕರೆದುಕೊಂಡು. ಇದು ಒಬ್ಬೊಬ್ಬರಿಗೆ ಬರುವ ಕಾಯಿಲೆಯಲ್ಲ, ಓಣಿಗೆ ಓಣಿಯೇ ಬೀಳುವ ಕಾಯಿಲೆ ಎಂದು ಅವರಿಗೆ ಆಗ ಹೊಳೆಯಿತು.

ಓಣಿಯ ನಾಡಿ ಹಿಡಿದು ನೋಡುವುದು ಹೇಗೆ? ಫರ್ಹಾನಾ ಚರಂಡಿಯನ್ನು ಹಿಡಿದರು. ಮನುಷ್ಯ ತಳಮಳಗೊಂಡಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ರಸ ಉಕ್ಕುತ್ತದೆ, ಅದರ ಪಾಲು ಮೂತ್ರದಲ್ಲಿ ಹೊರಗೆ ಬರುತ್ತದೆ. ಕ್ರಿಯಾಟಿನಿನ್ ಎಂಬ ಇನ್ನೊಂದು ವಸ್ತು ಮನಸ್ಸು ಹೇಗೇ ಇರಲಿ, ತನ್ನ ಪಾಡಿಗೆ ತಾನು ಬರುತ್ತಿರುತ್ತದೆ. ಓಣಿಯ ಚರಂಡಿಯ ಚೇಂಬರಿನಲ್ಲಿ ಕೂತ ಯಂತ್ರ ಎರಡನ್ನೂ ಅಳೆದು ಒಂದರಿಂದ ಇನ್ನೊಂದನ್ನು ಭಾಗಿಸುತ್ತಿತ್ತು. ಎಷ್ಟೇ ನೀರು ಸುರಿದರೂ ಎರಡೂ ಒಟ್ಟಿಗೇ ತೆಳುವಾಗುವುದರಿಂದ ಅಂಕಿ ಕದಲುತ್ತಿರಲಿಲ್ಲ. ಗೌರಕ್ಕನ ಸಾರಿನ ಶಾಸ್ತ್ರ ಸೋತದ್ದು ಇಲ್ಲಿ. ಯಾರದು ಎಂದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ, ಯಾವ ಓಣಿ ಎಂದಷ್ಟೇ ತಿಳಿಯುತ್ತಿತ್ತು. ಅದು ಹಾಗೆಯೇ ಇರಲಿ ಎಂದು ಫರ್ಹಾನಾ ಬೇಕೆಂದೇ ಮಾಡಿದ್ದರು.

ಮೊದಲ ವರ್ಷ ಕಂಡದ್ದು ಅವರಿಗೇ ಅಚ್ಚರಿ. ಬಡತನವೊಂದೇ ಅಂಕಿಯನ್ನು ಏರಿಸುತ್ತಿರಲಿಲ್ಲ. ಗೊತ್ತಿಲ್ಲದಿರುವುದು ಏರಿಸುತ್ತಿತ್ತು. ನೀರು ಕಡಿಮೆ ಬಂದರೂ ಇಂಥ ದಿನ ಎಂದು ಬರುವ ಓಣಿಗಳು ಶಾಂತವಾಗಿದ್ದವು, ಹೆಚ್ಚು ಬಂದರೂ ಯಾವಾಗಲೋ ಬರುವ ಓಣಿಗಳು ಕುದಿಯುತ್ತಿದ್ದವು. ಕಾರ್ಖಾನೆ ಮುಚ್ಚುತ್ತದಂತೆ ಎಂಬ ಗಾಳಿಸುದ್ದಿಗೆ ಅಂಕಿ ಏರುತ್ತಿತ್ತು, ನಿಜವಾಗಿ ಮುಚ್ಚಿದ ಮೇಲೆ ಮುಂದೇನು ಎಂದು ತಿಳಿಯದೆ ಇನ್ನಷ್ಟು ಏರುತ್ತಿತ್ತು. ಫರ್ಹಾನಾ ಬರೆದುಕೊಟ್ಟ ಸಲಹೆ ಸರಳವಾಗಿತ್ತು: ನೀರಿಗೆ ದಿನ ಗೊತ್ತು ಮಾಡಿ, ಮನೆ ಬಿಡಿಸುವ ಮೊದಲು ಕಾಲಾವಕಾಶ ಕೊಡಿ, ಹೆಂಗಸರು ಕೂತು ಮಾತಾಡಲು ಒಂದು ಜಾಗ ಮಾಡಿ.

ನಗರದ ದೊಡ್ಡ ಸಾಹೇಬರಿಗೆ ಸಲಹೆಗಿಂತ ಮೀಟರ್ ಹೆಚ್ಚು ಮೆಚ್ಚುಗೆಯಾಯಿತು. ಅಳತೆ ಇದೆ ಅಂದಮೇಲೆ ಬಹುಮಾನವೂ ಇರಬೇಕು ಎಂದರು ಅವರು. ಮೂರು ತಿಂಗಳು ಒಂದೇ ಸಮನೆ ನಲವತ್ತರ ಒಳಗೆ ನಿಂತ ಓಣಿಗೆ 'ಸಮಾಧಾನದ ಓಣಿ' ಎಂಬ ಹಸಿರು ಫಲಕ, ಮತ್ತು ದಿನದ ಇಪ್ಪತ್ನಾಲ್ಕು ತಾಸೂ ನೀರು.

"ತಳಮಳ ಇದ್ದಲ್ಲಿ ನೀರು ಕೊಡ್ರಿ ಅಂದೆ ನಾನು. ಇವರು ತಳಮಳ ಇಲ್ಲದಲ್ಲಿ ಕೊಡ್ತಾರಂತ" ಎಂದರು ಫರ್ಹಾನಾ, ನೀಲಗಂಗಾಳ ಪಕ್ಕದ ಕುರ್ಚಿಯಲ್ಲಿ ಕುಸಿದು. ನೀಲಗಂಗಾಳಿಗೂ ಸಿಟ್ಟು ಬಂತು. ಆದರೆ ಸುಳ್ಳು ಯಾಕೆ ಹೇಳಲಿ, ಮನೆ ನಲ್ಲಿಯಲ್ಲಿ ದಿನವಿಡೀ ನೀರು ಎಂಬ ಮಾತು ಕೇಳಿ ಆಕೆಗೆ ಒಳಗೊಳಗೇ ಆಸೆಯೂ ಆಯಿತು.

ಕೊಡಗಟ್ಟಲೆ ನೀರು ಸುರಿದು ಸೋತ ಮೇಲೆ ಜಿನ್ನಿನ ಓಣಿ ನಲವತ್ತಮೂರರಲ್ಲಿ ನಿಂತಿತ್ತು. ಇಷ್ಟು ಹತ್ತಿರ ಬಂದು ತಪ್ಪಿಸಿಕೊಂಡರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ? ಒಂದು ಸಂಜೆ ಗೌರಕ್ಕ ನೀಲಗಂಗಾಳ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು.

"ಯಾರ ಮನಿದು ಹೇಳಬಿಡು ನೀಲಾ. ನಿನಗ ಗೊತ್ತಿರತೈತಿ."

"ಓಣಿದಷ್ಟ ಕಾಣತೈತಿ ಅಕ್ಕ, ಮನಿದು ಕಾಣಂಗಿಲ್ಲ."

ಅದು ನಿಜ. ಆದರೆ ಮೀಟರ್ ನೋಡದೆಯೂ ನೀಲಗಂಗಾಳಿಗೆ ಗೊತ್ತಿತ್ತು. ಒಳಗೆ ಅಡುಗೆಮನೆಯಲ್ಲಿ ಆಕೆಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಕಲಾವತಿ, ಆರಿದ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಗಂಡ ಲಾರಿ ಡ್ರೈವರ್, ಮನೆಗೆ ಬರುವುದೇ ಅಪರೂಪ. ಕಲಾವತಿ ಗಾರ್ಮೆಂಟಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಒಂದು ಮುಂಜಾನೆ ಹೋದರೆ ಗೇಟಿಗೆ ಬೀಗ ಬಿದ್ದಿತ್ತು. ಅಂದಿನಿಂದ ಆಕೆಗೆ ನಿದ್ದೆಯಿಲ್ಲ. ಅನ್ನ ಬಡಿಸಿಕೊಂಡು ಮರೆತುಬಿಡುತ್ತಿದ್ದಳು. ಯಾರಾದರೂ ಬಾಗಿಲು ಬಡಿದರೆ ಬೆಚ್ಚಿಬೀಳುತ್ತಿದ್ದಳು. ಹಾಡಿಕೊಂಡು ರೊಟ್ಟಿ ಬಡಿಯುತ್ತಿದ್ದ ಹುಡುಗಿ ಈಗ ಉಸಿರೂ ಕೇಳದ ಹಾಗೆ ಓಡಾಡುವುದನ್ನು ಕಂಡು ನೀಲಗಂಗಾ ತಾನೇ ಎದ್ದು ಹೋಗಿ ತುತ್ತು ಕಲಸಿ ಕೊಡುತ್ತಿದ್ದಳು. ತಂಗಿಯಿಲ್ಲದ ಆಕೆಗೆ ಕಲಾವತಿಯೇ ತಂಗಿ.

ಗೌರಕ್ಕ ಅಡುಗೆಮನೆಯ ಕಡೆ ಕತ್ತು ಉದ್ದ ಮಾಡಿ ನೋಡಿದಳು. ಎದ್ದು ಹೋದಳು.

ಎರಡು ದಿನ ಬಿಟ್ಟು ಹೆಂಗಸರು ತಟ್ಟೆ ಹಿಡಿದುಕೊಂಡು ಬಂದರು. ತಟ್ಟೆಯಲ್ಲಿ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ, ಮಡಿಸಿದ ಕುಪ್ಪಸದ ಖಣ. ಈ ಕಡೆ ಹೆಣ್ಣುಮಗಳು ತವರಿಗೆ ಹೊರಟರೂ ಗಂಡನ ಮನೆಗೆ ಹೊರಟರೂ ಬರಿಗೈಲಿ ಕಳಿಸುವುದಿಲ್ಲ. ಸೆರಗಿನಲ್ಲಿ ಉಡಿ ತುಂಬಿ, ಹಣೆಗೆ ಕುಂಕುಮ ಇಟ್ಟು ಕಳಿಸುತ್ತಾರೆ. ಅದರಷ್ಟು ಅಂತಃಕರಣದ ಪದ್ಧತಿ ಇನ್ನೊಂದು ನನಗೆ ಗೊತ್ತಿಲ್ಲ.

"ನಾಕ ದಿನ ತವರಿಗೆ ಹೋಗಿ ಬಾರವ್ವ ಕಲಾ" ಎಂದಳು ಗೌರಕ್ಕ. ಆಕೆಯ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಅಣ್ಣನ ಮನ್ಯಾಗ ಉಂಡು, ಮಲಗಿ, ಹಗರಾಗಿ ಬಾ. ಇಲ್ಲಿ ಕುಂತು ಕುಂತು ಸೊರಗಿ ಹೋಗೀದಿ."

"ಯಾರ್ ಕಳಸ್ರಿ ಅಂದ್ರು ನಿಮಗ?" ಎಂದು ನೀಲಗಂಗಾ ಅಡ್ಡ ನಿಂತಳು. ಅಷ್ಟರಲ್ಲಿ ಕಲಾವತಿ ಎದ್ದು ಸೆರಗು ಒಡ್ಡಿಯಾಗಿತ್ತು. ತುಂಬಲು ಬಂದ ಉಡಿಯನ್ನು ಬೇಡ ಅನ್ನುವುದನ್ನು ಇಲ್ಲಿ ಯಾರೂ ಕಲಿತಿಲ್ಲ, ಅದು ಅಪಶಕುನ. ಕಲಾವತಿ ಒಂದೊಂದು ಹಿಡಿ ಅಕ್ಕಿ ಬಿದ್ದಾಗಲೂ ತಲೆ ತಗ್ಗಿಸುತ್ತ ಹೋದಳು. ಮಾರನೆಯ ಬಸ್ಸಿಗೆ ಹೊರಟಳು. ನೀಲಗಂಗಾಳ ಗಂಡ ಮಹಾಂತೇಶ, ಬಸ್ ಡಿಪೋದ ಮೆಕ್ಯಾನಿಕ್, ತಾನೇ ಬ್ಯಾಗು ಹೊತ್ತುಕೊಂಡು ಹೋಗಿ ಸೀಟು ಹಿಡಿದು ಕೂರಿಸಿ ಬಂದ. ನಾಲ್ಕು ದಿನ ತಾನೆ, ಆಮೇಲೆ ಮನೆಯಲ್ಲೇ ನೀರು, ಎಂದು ಹೆಂಡತಿಗೆ ಸಮಾಧಾನ ಹೇಳಿದ.

ಅಂಕಿ ನಲವತ್ತೊಂದಕ್ಕೆ ಇಳಿಯಿತು. ರುಚಿ ಹತ್ತಿತು ಓಣಿಗೆ. ಮುಂದಿನ ವಾರ ಕುಡುಕ ಗಂಡನ ಹೊಡೆತ ತಿನ್ನುತ್ತಿದ್ದ ಮೂಲೆಮನೆಯವಳಿಗೆ ಉಡಿ ತುಂಬಿದರು. ಗಂಡನಿಗೆ ತುಂಬಲಿಲ್ಲ, ಗಂಡಸರಿಗೆ ಉಡಿ ತುಂಬುವ ಪದ್ಧತಿ ಎಲ್ಲಿದೆ? ಹೊಸದಾಗಿ ಗಂಡನನ್ನು ಕಳಕೊಂಡವಳಿಗೆ ಉಡಿ ನಡೆಯುವುದಿಲ್ಲವೆಂದು ಒಂದು ಸೀರೆ ಕೊಟ್ಟು ಕಳಿಸಿದರು. ಎಲ್ಲರನ್ನೂ ಪ್ರೀತಿಯಿಂದಲೇ ಕಳಿಸಿದರು. ಅಂಕಿ ಮೂವತ್ತೆಂಟಾಯಿತು, ಪರದೆಯ ಮೇಲೆ ಜಿನ್ನಿನ ಓಣಿ ಮೊದಲ ಬಾರಿ ಹಸಿರಾಯಿತು.

ನಾಲ್ಕು ದಿನ ಎಂದು ಹೋದ ಕಲಾವತಿ ಒಂದು ತಿಂಗಳಾದರೂ ಬರಲಿಲ್ಲ. ಫೋನು ಮಾಡಿದರೆ "ಆರಾಮ ಅದೇನಿ ಅಕ್ಕ" ಅನ್ನುತ್ತಿದ್ದಳು, ಹಿಂದೆ ಲಾರಿಗಳ ಸದ್ದು ಕೇಳುತ್ತಿತ್ತು. ಅಣ್ಣನ ಊರಿನಲ್ಲಿ ಅಷ್ಟು ಲಾರಿ ಎಲ್ಲಿಂದ ಬಂದವು ಎಂದು ನೀಲಗಂಗಾಳಿಗೆ ಅನುಮಾನ. ಅಣ್ಣನಿಗೇ ಫೋನು ಮಾಡಿದಳು. ಆತ ಬಹಳ ಹೊತ್ತು ಕೆಮ್ಮಿದ. "ಇಲ್ಲೂ ಮೀಟರ್ ಕೂಡಿಸ್ಯಾರ ಅಕ್ಕಾರ. ನಮ್ಮ ಓಣಿನೂ ಅಂಚಿನ್ಯಾಗ ಐತಿ. ನನ್ನ ಹೇಣ್ತಿ ಅಂದ್ಲು... ಉಡಿ ತುಂಬೇ ಕಳಸೇವ್ರಿ, ಹಂಗ ಕಳಸಿಲ್ಲ."

ನೀಲಗಂಗಾ ಮತ್ತೆ ಕಲಾವತಿಗೆ ಫೋನು ಹಚ್ಚಿದಳು, ಆಕೆ ಎತ್ತಲಿಲ್ಲ.

ಅದೇ ವಾರ ಪರದೆಯ ಮೇಲೆ ಆಕೆಯ ಕಣ್ಣಿಗೆ ಒಂದು ಬೂದು ಚುಕ್ಕೆ ಬಿತ್ತು. ಹಸಿರು, ಹಳದಿ, ಕೆಂಪು ಓಣಿಗಳ ನಡುವೆ ವಸತಿಯಿಲ್ಲದ ಜಾಗಗಳಿಗೆ ಯಂತ್ರ ಬೂದು ಬಣ್ಣ ಹಚ್ಚುತ್ತದೆ, ಅಂಕಿ ತೋರಿಸುವುದಿಲ್ಲ. ಹತ್ತಿ ಮಾರುಕಟ್ಟೆಯ ಹಿಂದಿನ ಹಳೆಯ ಧರ್ಮಶಾಲೆಯ ಚೇಂಬರು ಅದು. ಆಕೆ ಒಳಹೊಕ್ಕು ಅಂಕಿ ತೆಗೆದಳು. ನೂರಾ ಎಂಬತ್ತು. ಯಂತ್ರ ಕೆಟ್ಟಿದೆಯೆಂದು ಫರ್ಹಾನಾರನ್ನು ಕರೆದಳು. ಅವರು ಎರಡೂ ವಸ್ತುಗಳನ್ನು ಬೇರೆ ಬೇರೆ ನೋಡಿದರು, ಹಿಂದಿನ ತಿಂಗಳುಗಳನ್ನು ನೋಡಿದರು. ಊರಿನಲ್ಲಿ ಒಂದೊಂದು ಓಣಿ ಹಸಿರಾದ ಹಾಗೆಲ್ಲ ಆ ಬೂದು ಚೇಂಬರಿನ ಅಂಕಿ ಒಂದೊಂದು ಮೆಟ್ಟಿಲು ಹತ್ತಿತ್ತು.

"ಯಂತ್ರ ಕೆಟ್ಟಿಲ್ಲ ನೀಲಾ" ಎಂದರು ಫರ್ಹಾನಾ. "ಬಾ, ಹೋಗಿ ನೋಡೂಣು."

ಧರ್ಮಶಾಲೆಯ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಜಗಳವಿಲ್ಲ, ಮಾತಿಲ್ಲ. ಅಷ್ಟು ಹೆಂಗಸರು ಒಂದು ಕಡೆ ಸೇರಿಯೂ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನೀಲಗಂಗಾ ಎಲ್ಲೂ ನೋಡಿರಲಿಲ್ಲ. ಹೊರಗೆ ಹತ್ತಿಯ ಲಾರಿಗಳು ಹೋಗುತ್ತಿದ್ದವು. ಒಳಗೆ ಹಗ್ಗದ ಮೇಲೆ ಹೊಲಿಸದ ಕುಪ್ಪಸದ ಖಣಗಳು ತೂಗುತ್ತಿದ್ದವು, ಹಸಿರು, ಕೆಂಪು, ನವಿಲುಬಣ್ಣ. ಉಡಿಯಲ್ಲಿ ಬಂದವು. ಅಲ್ಲಿ ಅವುಗಳನ್ನು ಬಿಸಿಲಿಗೆ ಅಡ್ಡಪರದೆ ಮಾಡಿಕೊಂಡಿದ್ದರು.

ಕಲಾವತಿ ಮೂಲೆಯಲ್ಲಿದ್ದಳು. ಕೆನ್ನೆಯ ಎಲುಬು ಎದ್ದಿತ್ತು. ನೀಲಗಂಗಾಳನ್ನು ಕಂಡು ಮೊದಲು ಆಕೆ ಕೇಳಿದ್ದು, "ಹಸಿರಾತೇನು ಅಕ್ಕ?"

"ಮಣ್ಣಾತು! ನಡಿ ಮನಿಗೆ."

"ಫಲಕ ಬರಲಿ. ಆಮ್ಯಾಲ ಬರ್ತೇನಿ. ನನ್ನಿಂದ ಓಣಿಗೆ ಕೆಟ್ಟ ಹೆಸರು ಬ್ಯಾಡ."

ನೀಲಗಂಗಾ ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತಳು. ಸುತ್ತಲಿನ ಹೆಂಗಸರು ಆಕೆಯನ್ನು ಹೆದರಿಕೆಯಿಂದ ನೋಡಿದರು. ಅಷ್ಟು ಬಹಿರಂಗವಾಗಿ ಅಳುವುದನ್ನು ಅವರು ಬಿಟ್ಟು ಬಹಳ ದಿನವಾಗಿತ್ತು.

ಅಂದು ಕಲಾವತಿ ಏನು ಮಾಡಿದರೂ ಹೊರಡಲಿಲ್ಲ. ಫರ್ಹಾನಾ ಮಾರನೆಯ ದಿನವೇ ಸಾಹೇಬರ ಮುಂದೆ ಹೋಗಿ ನಿಂತರು. ಓಣಿಗಳು ಹಸಿರಾಗುತ್ತಿರುವುದು ಕಾಯಿಲೆ ವಾಸಿಯಾಗಿ ಅಲ್ಲ, ಕಾಯಿಲೆಯವರನ್ನು ಹೊರಹಾಕಿ. ಹೋದವರಿಗೆ ಅದು ಹೆಚ್ಚುತ್ತಿದೆ, ಉಳಿದವರಿಗೆ ಮುಂದಿನ ಸರದಿ ತಮ್ಮದೇನೋ ಎಂಬ ಹೆದರಿಕೆಯಲ್ಲಿ ಹೊಸದಾಗಿ ಹುಟ್ಟುತ್ತಿದೆ. ಬೇಕಾದರೆ ಮನೆಮನೆಗೆ ಹೋಗಿ ಅಳೆದು ನೋಡಿ ಎಂದರು. ಸಿಟ್ಟಿನಲ್ಲಿ ಆಡಿದ ಆ ಕೊನೆಯ ಮಾತೊಂದನ್ನು ಮಾತ್ರ ಸಾಹೇಬರು ಹಿಡಿದುಕೊಂಡರು.

ಧರ್ಮಶಾಲೆಯ ವಿಷಯಕ್ಕೆ ಅಲ್ಲಿ ನಿವಾಸಿಗಳು ಯಾರೂ ಇಲ್ಲ ಎಂಬ ಉತ್ತರ ಬಂತು. ಮನೆಮನೆ ಅಳೆಯುವ ವಿಷಯಕ್ಕೆ ಹದಿನೈದು ದಿನದಲ್ಲಿ ಕೈಯಲ್ಲಿ ಹಿಡಿಯುವ ಪುಟ್ಟ ಮೀಟರುಗಳು ಬಂದವು. ಸೌಟಿನಷ್ಟು ಉದ್ದ, ತುದಿಯಲ್ಲಿ ಸಣ್ಣ ದೀಪ. ಯಾವ ಮನೆಯ ಚೇಂಬರಿಗಾದರೂ ಇಳಿಬಿಟ್ಟು ನೋಡಬಹುದು. ಓಣಿಯ ಸಮಿತಿಗೆ ಒಂದರಂತೆ ಹಂಚಿದರು. ಫರ್ಹಾನಾರನ್ನು ಜಿಲ್ಲೆಯ ಇನ್ನೊಂದು ಮೂಲೆಗೆ ವರ್ಗ ಮಾಡಿದರು. ಹೋಗುವ ದಿನ ಅವರು ನೀಲಗಂಗಾಳ ಕೈ ಹಿಡಿದು, "ನನ್ನ ಬಾಯಿಂದ ಯಾಕ ಬಂತು ಆ ಮಾತು?" ಎಂದು ಎರಡು ಸಲ ಕೇಳಿದರು.

ಅವರನ್ನು ಬಸ್ ಹತ್ತಿಸಿ ಆಕೆ ಸೀದಾ ಧರ್ಮಶಾಲೆಗೆ ಹೋದಳು. ಈ ಸಲ ಕಲಾವತಿಯನ್ನು ಕೇಳಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ, ಹಗ್ಗದ ಮೇಲಿದ್ದ ಖಣ ಕಿತ್ತುಕೊಂಡು, ಆಟೋದಲ್ಲಿ ಕೂರಿಸಿ ಹಾಡಹಗಲೇ ಓಣಿಯ ನಡುಮಧ್ಯದಿಂದ ಮನೆಗೆ ತಂದಳು. ಒಬ್ಬರೂ ಬಾಗಿಲಿಗೆ ಬರಲಿಲ್ಲ.

"ಫಲಕಕ್ಕ ಇನ್ನ ಒಂದ ತಿಂಗಳ ಐತಿ. ಈಗ ಬೇಕಾಗಿತ್ತೇನು ಇದು?" ಎಂದ ಮಹಾಂತೇಶ.

"ಈಕಿ ಇಲ್ಲದ ಮನಿಗೆ ನೀರು ಬಂದ್ರೆಷ್ಟು, ಬಿಟ್ರೆಷ್ಟು? ಈಕೀನ್ನ ಮತ್ತ ಯಾರರೆ ಕಳಸ್ತೇನಿ ಅಂದ್ರ ಮೊದಲ ನನ್ನ ಹೊರಗ ಹಾಕಬೇಕು" ಎಂದಳು ನೀಲಗಂಗಾ.

ಕಲಾವತಿಗೆ ಆಕೆ ಬಿಸಿ ರೊಟ್ಟಿ ಬಡಿದು ಹಾಕಿದಳು, ತಲೆಗೆ ಎಣ್ಣೆ ಹಚ್ಚಿದಳು, ಪಕ್ಕದಲ್ಲೇ ಮಲಗಿಸಿಕೊಂಡಳು. ಕೆಲವು ದಿನ ಕಳೆದ ಮೇಲೆ ಕಲಾವತಿ ನಿದ್ದೆ ಮಾಡತೊಡಗಿದಳು. ಇನ್ನೂ ಆಶ್ಚರ್ಯವೆಂದರೆ ಗೌರಕ್ಕನೇ ಬಂದು, ನಮ್ಮ ಮನೆಯಲ್ಲಿ ಶಾವಿಗೆ ಹೊಸೆಯಲು ಕೈ ಸಾಲದು, ಬಾರವ್ವ ಎಂದು ಕರೆದುಕೊಂಡು ಹೋದಳು. ಕಲಾವತಿ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರತೊಡಗಿದಳು. ಒಂದು ಸಂಜೆ ಸಣ್ಣಗೆ ಹಾಡಿಕೊಂಡೇ ಮನೆಗೆ ಬಂದಳು. ಓಣಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡಳು ನೀಲಗಂಗಾ.

ಆದರೆ ಆಕೆಯ ಕಣ್ಣಿಗೆ ನಿದ್ದೆ ಹತ್ತದಾಯಿತು. ಮನೆ ಮುಂದೆ ಚೇಂಬರಿನ ಮುಚ್ಚಳ ಎತ್ತಿದ ಸದ್ದಾದರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಗೌರಕ್ಕ ದಿನವೂ ಆ ಸೌಟಿನಂಥ ಮೀಟರ್ ಇಳಿಬಿಟ್ಟು ನೋಡಿ, ನಕ್ಕು ಮುಂದೆ ಹೋಗುತ್ತಿದ್ದಳು. ಕೆಲಸದಲ್ಲಿ ನೀಲಗಂಗಾ ಪರದೆಯ ಬೂದು ಚುಕ್ಕೆಯನ್ನು ಬಿಟ್ಟು ಬೇರೆ ನೋಡುತ್ತಿರಲಿಲ್ಲ. ಅದು ಇನ್ನೂರು ದಾಟಿತ್ತು. ಮೇಲಿನವರಿಗೆ ಹೇಳಿದಳು, ಬರೆದು ಕೊಟ್ಟಳು, ಕೂಗಾಡಿದಳು. ಸ್ವಲ್ಪ ರಜೆ ತೆಗೆದುಕೊಳ್ಳಿ ಎಂದು ಅವರು ಮೃದುವಾಗಿ ಹೇಳಿ ಮನೆಗೆ ಕಳಿಸಿದರು. ಅನ್ನ ಬಡಿಸಿಕೊಂಡು ಮರೆಯುವ ಸರದಿ ಈಗ ಆಕೆಯದಾಗಿತ್ತು.

ಜಿನ್ನಿನ ಓಣಿ ಮೂವತ್ತೊಂಬತ್ತೂವರೆಯಲ್ಲಿ ತೂಗುತ್ತಿತ್ತು. ಅವಧಿ ಮುಗಿಯುವ ವಾರ ಪರೀಕ್ಷೆಗೆಂದು ನಲ್ಲಿಗಳಿಗೆ ಆಗಾಗ ನೀರು ಬಿಡುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಬಳೆಗಳ ಸದ್ದಾಯಿತು. ನೀಲಗಂಗಾ ತಟ್ಟೆಯನ್ನು ನೋಡಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ. ಆಕೆ ಓಡಿಹೋಗಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಕಲಾನ್ನ ಕಳಸಂಗಿಲ್ಲ. ನನ್ನ ಹೆಣ ದಾಟಿ ಕರಕೊಂಡು ಹೋಗ್ರಿ."

"ಕಲಾನ್ನ ಯಾರ ಕಳಸ್ತೇವಿ ಅಂದ್ರು?" ಎಂದಳು ಗೌರಕ್ಕ ಮೆಲ್ಲಗೆ. "ಆಕಿ ಹಗಲೆಲ್ಲಾ ನಮ್ಮನ್ಯಾಗ ಇರ್ತಾಳ, ನಮ್ಮನಿ ಮೀಟರ್ ಏರಿಲ್ಲ. ಮಹಾಂತೇಶಪ್ಪ ಡಿಪೋದಾಗ ಇರ್ತಾನ. ನಿಮ್ಮನಿದು ಇಳದಿಲ್ಲ. ನೀ ಭಾಳ ದಣದಿ ನೀಲಾ. ನಾಕ ದಿನ ತವರಿಗೆ ಹೋಗಿ ಬಾರವ್ವ."

ನೀಲಗಂಗಾಳಿಗೆ ತವರಿರಲಿಲ್ಲ. ಅಪ್ಪ ಅವ್ವ ತೀರಿಕೊಂಡು, ಬಾಡಿಗೆ ಮನೆ ಬಿಟ್ಟುಕೊಟ್ಟು ವರ್ಷಗಳಾಗಿದ್ದವು. ಓಣಿಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಆಕೆ ಗಂಡನನ್ನು ನೋಡಿದಳು. ಮಹಾಂತೇಶ ಗೂಟದ ಮೇಲಿದ್ದ ಬ್ಯಾಗನ್ನು ಆಗಲೇ ಕೆಳಗೆ ಇಳಿಸಿದ್ದ. ಆಕೆಯ ಕಡೆ ನೋಡದೆ ಅದರ ಧೂಳು ಒರೆಸುತ್ತಿದ್ದ.

"ಕಲಾ" ಎಂದು ಕರೆದಳು ನೀಲಗಂಗಾ. "ಕಲಾ, ನೀ ಹೇಳ ಇವ್ರಿಗೆ. ಅಲ್ಲಿ ಹೆಂಗ ಇರತೈತಿ ಹೇಳು."

ಕಲಾವತಿ ಅಡುಗೆಮನೆಯಿಂದ ಹೊರಗೆ ಬಂದಳು. ಎಣ್ಣೆ ಹಚ್ಚಿ ಹೆಣೆದ ಜಡೆ, ಮುಖಕ್ಕೆ ತುಸು ಬಣ್ಣ ಬಂದಿತ್ತು. ಆಕೆಯ ಕಣ್ಣಿನಲ್ಲಿದ್ದ ಹೆದರಿಕೆಯನ್ನು ನೀಲಗಂಗಾ ಧರ್ಮಶಾಲೆಯಲ್ಲೂ ನೋಡಿರಲಿಲ್ಲ. ಆಕೆ ಅಕ್ಕನ ಪಕ್ಕಕ್ಕೆ ಬಂದು ನಿಲ್ಲಲಿಲ್ಲ. ಹೆಂಗಸರ ಸಾಲಿಗೆ ಹೋಗಿ ಗೌರಕ್ಕನ ಕೈಯಿಂದ ತಟ್ಟೆ ತೆಗೆದುಕೊಂಡಳು.

"ನಾಕ ದಿನ ಅಷ್ಟ ಅಕ್ಕ" ಎಂದಳು. ಮೊದಲ ಹಿಡಿ ಅಕ್ಕಿಯನ್ನು ತಾನೇ ಎತ್ತಿದಳು.

ನೀಲಗಂಗಾಳ ಕೈಗಳು ಆಕೆಯನ್ನು ಕೇಳದೆಯೇ ಸೆರಗನ್ನು ಮುಂದಕ್ಕೆ ಒಡ್ಡಿದವು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಮಡಿಸಿದ ಖಣ ಬಿತ್ತು. ಕಲಾವತಿ ಬಾಗಿ ಆಕೆಯ ಹಣೆಗೆ ಕುಂಕುಮ ಇಟ್ಟಳು. ಅಷ್ಟರಲ್ಲಿ ಹಿತ್ತಲ ನಲ್ಲಿ ಒಮ್ಮೆ ಕೆಮ್ಮಿ, ಗಾಳಿ ಉಗುಳಿ, ಧೋ ಎಂದು ಸುರಿಯತೊಡಗಿತು. ಮೊದಲಾಗಿದ್ದರೆ ಅಷ್ಟೂ ಜನ ಕೊಡ ತರಲು ಓಡುತ್ತಿದ್ದರು. ಈಗ ಯಾರೂ ಓಡಲಿಲ್ಲ, ಇನ್ನು ಮುಂದೆ ಓಡುವ ಅಗತ್ಯವಿರಲಿಲ್ಲ.